ಮದ್ದಿಗಿಂತ ಮೊದಲು ಒಣ ಹಾಸು

ಆರಿದ್ರಾ ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಬಟ್ಟೆಯಿಂದ ಬೆಂಕಿಪೆಟ್ಟಿಗೆಯವರೆಗೆ ಎಲ್ಲವೂ ತೇವ. ಕೋಳಿಗೂಡಿನ ನೆಲವೂ ಇದಕ್ಕೆ ಹೊರತಲ್ಲ. ಉಪ ಆದಾಯಕ್ಕೆಂದು ಟರ್ಕಿ ಕೋಳಿ ಸಾಕುವ ಕುಟುಂಬಗಳು ನಷ್ಟ ಅನುಭವಿಸುವುದು ಬಹುಮಟ್ಟಿಗೆ ಈ ದಿನಗಳಲ್ಲಿಯೇ. ಮರಿಗಳು ರೆಕ್ಕೆ ಜೋತುಬಿಟ್ಟು, ನೀರಾದ ಹಿಕ್ಕೆ ಹಾಕಿ, ಒಂದೊಂದಾಗಿ ಸಾಯುತ್ತವೆ. ಆಗ ಔಷಧದ ಅಂಗಡಿಗೆ ಓಡುವುದು ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಕಾಕ್ಸಿಡಿಯಾ ಎಂಬ ಏಕಕೋಶ ಪರಾವಲಂಬಿಯು ಮರಿಗಳ ಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ಹಿಕ್ಕೆಯೊಡನೆ ಹೊರಬೀಳುವ ಅದರ ತತ್ತಿಯಂತಹ ಕೋಶಗಳು ಆ ಕ್ಷಣಕ್ಕೆ ರೋಗ ತರಲಾರವು. ತೇವ, ಬೆಚ್ಚನೆಯ ಹವೆ ಹಾಗೂ ಆಮ್ಲಜನಕ ದೊರೆತರೆ ಒಂದೆರಡು ದಿನಗಳಲ್ಲಿ ಬಲಿತು ಸೋಂಕು ಹರಡಲು ಸಿದ್ಧವಾಗುತ್ತವೆ. ಗಾಳಿಯೂ ಬೆಚ್ಚನೆಯ ಹವೆಯೂ ಮರಿಗಳಿಗೇ ಬೇಕು. ಸಾಕುವವರ ಹಿಡಿತದಲ್ಲಿರುವುದು ತೇವವೊಂದೇ.

ಟರ್ಕಿಗಳನ್ನು ಕಾಡುವ ಇನ್ನೊಂದು ರೋಗ ಬ್ಲಾಕ್‌ಹೆಡ್. ಇದರ ರೋಗಾಣು ಕುರುಡುಕರುಳಿನ ಹುಳುವಿನ ಮೊಟ್ಟೆಯಲ್ಲಿ ಅಡಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಎರೆಹುಳುವೂ ಅದನ್ನು ಹೊರುತ್ತದೆ. ನಾಟಿ ಕೋಳಿಗಳು ರೋಗಲಕ್ಷಣವನ್ನೇ ತೋರದೆ ಅದನ್ನು ಹರಡಬಲ್ಲವು. ಆದುದರಿಂದ ಒಂದೇ ಅಂಗಳದಲ್ಲಿ ನಾಟಿ ಕೋಳಿ, ಟರ್ಕಿಗಳೆರಡನ್ನೂ ಬಿಡುವುದು ಅಪಾಯ. ಈ ರೋಗ ತಡೆಯಲು ಅಮೆರಿಕದಲ್ಲಿ ಬಳಸುತ್ತಿದ್ದ ನೈಟಾರ್ಸೋನ್ ಆರ್ಸೆನಿಕ್‌ಯುಕ್ತ ಔಷಧ. ಅದರ ಅನುಮತಿಯನ್ನು 2015ರ ಅಂತ್ಯಕ್ಕೆ ಹಿಂಪಡೆಯಲಾಯಿತು. ಪುಡಿಯನ್ನೇ ನೆಚ್ಚಿದ ಸಾಕಣೆಗೆ ಇದೊಂದು ಪಾಠ: ಮೇವಿಗೆ ಬೆರೆಸಿದ ಮದ್ದು ಹಿಕ್ಕೆಯ ಮೂಲಕ ಗದ್ದೆ, ತೋಟ, ಹಳ್ಳಗಳನ್ನು ಸೇರದೆ ಇರದು.

ಒಣ ಹಾಸಿಗೆ ಬೇಕಾದುದು ದುಡ್ಡಿಗಿಂತ ಹೆಚ್ಚಾಗಿ ನಿತ್ಯದ ಗಮನ. ಗೂಡಿನ ನೆಲ ಅಂಗಳಕ್ಕಿಂತ ಎತ್ತರದಲ್ಲಿರಬೇಕು, ಇರಚಲು ಒಳಬಾರದಂತೆ ಸೂರು ಚಾಚಿರಬೇಕು, ಗಾಳಿಯಾಡಬೇಕು. ಭತ್ತದ ಹೊಟ್ಟನ್ನೋ ಮರದ ಹೊಟ್ಟನ್ನೋ ಮೊದಲು ಎರಡು ಅಂಗುಲ ಹರಡಿ, ಕ್ರಮೇಣ ಮೂರು ನಾಲ್ಕು ಅಂಗುಲಕ್ಕೆ ಏರಿಸಬೇಕು. ಇದಕ್ಕಾಗಿ ಕಾಡಿನ ದರಕನ್ನು ಬಾಚಿ ತರಬೇಕಿಲ್ಲ. ಅದು ಒಂದರ ಮೇಲೊಂದು ಅಂಟಿ ತೇವವನ್ನು ಹಿಡಿದಿಡುತ್ತದೆ, ಕಾಡಿನ ಮಣ್ಣೂ ಬಡವಾಗುತ್ತದೆ. ಹಾಸನ್ನು ಆಗಾಗ ಮಗುಚಬೇಕು. ಅತಿ ಬೇಗ ಒದ್ದೆಯಾಗುವ ನೀರಿನ ಪಾತ್ರೆಯ ಸುತ್ತಲಿನ ಹಾಸನ್ನು ತೆಗೆದು ಹೊಸದು ಹಾಕಬೇಕು. ತೇವಾಂಶ ಶೇ. 20ರಿಂದ 25ರಷ್ಟಿದ್ದರೆ ಸಾಕು. ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಿದೆ. ಸಡಿಲವಾಗಿ ಉದುರಿದರೆ ಸರಿಯಿದೆ. ತೀರಾ ಒಣಗಿ ದೂಳೆದ್ದರೆ ಅದೂ ಉಸಿರಾಟಕ್ಕೆ ಕೇಡು.

ಒಣ ಹಾಸು ಪರಾವಲಂಬಿಗಳನ್ನು ನಿರ್ನಾಮ ಮಾಡುವುದಿಲ್ಲ, ಅವುಗಳ ಹೊರೆಯನ್ನು ತಗ್ಗಿಸುತ್ತದೆ. ಕಾಕ್ಸಿಡಿಯಾದ ಅಲ್ಪ ಸೋಂಕು ಮರಿಗಳಲ್ಲಿ ನಿರೋಧಶಕ್ತಿಯನ್ನು ಬೆಳೆಸುತ್ತದೆ. ಗಂಧಕದಂತಹ ಹಳದಿ ಹಿಕ್ಕೆಯೋ ರಕ್ತವೋ ಕಂಡರೆ ಪಶುವೈದ್ಯರನ್ನು ಕಾಣಲೇಬೇಕು. ಮದ್ದು ಬೇಡವೆಂಬುದು ಇಲ್ಲಿಯ ವಾದವಲ್ಲ. ಅದು ಮೊದಲ ಮೆಟ್ಟಿಲಾಗಬಾರದು ಎಂಬುದಷ್ಟೇ.

ಕೋಳಿ ಸಾಕಣೆಗೆ ನೆರವು ನೀಡುವವರು ಮರಿ ಮತ್ತು ಮೇವನ್ನು ಹಂಚಿ ಕೈತೊಳೆದುಕೊಂಡರೆ ಸಾಲದು. ಮಳೆನಾಡಿಗೆ ಹೊಂದುವ ಸೂರಿಗೆ, ಹಾಸಿನ ತರಬೇತಿಗೆ ಮೊದಲ ಪಾಲು ಸಲ್ಲಬೇಕು. ಸಾಕುವವರ ಮೇಲೂ ಹೊಣೆಯಿದೆ. ತೆಗೆದ ಹಾಸನ್ನು ಹಳ್ಳದ ದಂಡೆಗೆ ಸುರಿಯದೆ, ಮಳೆ ತಾಕದಂತೆ ಮುಚ್ಚಿ ರಾಶಿ ಹಾಕಿದರೆ ಒಳಗಿನ ಬಿಸಿಯಲ್ಲಿ ರೋಗಾಣುಗಳು ಸಾಯುತ್ತವೆ, ತೋಟಕ್ಕೆ ಗೊಬ್ಬರವೂ ಆಗುತ್ತದೆ. ಮೇಲಿನ ಮನೆಯ ಗೂಡು ತೊಳೆದ ನೀರು ಕೆಳಗಿನ ಮನೆಯ ಬಾವಿಗೆ ಇಳಿಯುವ ನಾಡಿದು. ಇಲ್ಲಿ ಗೂಡನ್ನು ಒಣಗಿಸಿಟ್ಟುಕೊಳ್ಳುವುದು ನೆರೆಯವರ ನೀರನ್ನು ಕಾಯುವ ಕೆಲಸವೂ ಹೌದು.