ಹೇಗಿದ್ದರೂ ಹೋಗತಕ್ಕ ಕಾಲು

ಶಸ್ತ್ರಕರ್ಮದಲ್ಲಿ ವೈದ್ಯನ ಕೈಯಿಂದ ಒದಗುವ ವ್ಯಾಪತ್ತುಗಳನ್ನು ಸುಶ್ರುತಾಚಾರ್ಯರು ನಾಲ್ಕೆಂದು ಎಣಿಸಿರುವರು: ಕಡಿಮೆ ಕೊಯ್ಯುವುದು, ಹೆಚ್ಚು ಕೊಯ್ಯುವುದು, ಓರೆಯಾಗಿ ಕೊಯ್ಯುವುದು, ವೈದ್ಯನು ತನ್ನ ಮೈಯನ್ನೇ ಕೊಯ್ದುಕೊಳ್ಳುವುದು. ಕತ್ತರಿಸತಕ್ಕ ಅಂಗವನ್ನು ಬಿಟ್ಟು ಇನ್ನೊಂದನ್ನು ಕತ್ತರಿಸುವುದು ಆ ಎಣಿಕೆಯಲ್ಲಿಲ್ಲ. ಅಂಥದೂ ನಡೆದೀತೆಂದು ಆ ಮಹನೀಯರಿಗೆ ತೋರಿರಲಿಕ್ಕಿಲ್ಲ.

1995ನೆಯ ಇಸವಿ ಫೆಬ್ರವರಿಯಲ್ಲಿ ಅಮೆರಿಕೆಯ ಫ್ಲಾರಿಡಾ ಸಂಸ್ಥಾನದ ಟ್ಯಾಂಪಾ ನಗರದಲ್ಲಿ ಅದು ನಡೆಯಿತು. ಮಧುಮೇಹದ ರೋಗಿಯೊಬ್ಬನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಗಿತ್ತು, ಎಡಗಾಲನ್ನು ತೆಗೆದರು. ಶಸ್ತ್ರಶಾಲೆಯ ಕರಿಹಲಗೆಯಲ್ಲಿ ಎಡಗಾಲೆಂದು ಬರೆದಿತ್ತು. ಶಸ್ತ್ರವೈದ್ಯನು ಬರುವಷ್ಟರಲ್ಲಿ ಎಡಗಾಲನ್ನೇ ಶುದ್ಧಿಮಾಡಿ ಅಣಿಗೊಳಿಸಿದ್ದರು. ರೋಗಿಯ ಸಮ್ಮತಿಪತ್ರದಲ್ಲಿ ಮಾತ್ರ ಬಲಗಾಲೆಂದೇ ಇತ್ತು. ಅದು ಆ ಕೊಠಡಿಯಲ್ಲಿಯೇ ಇದ್ದಿತು. ಕಾಗದಗಳನ್ನು ನೋಡುತ್ತಿದ್ದ ದಾದಿಯೊಬ್ಬಳು ತಪ್ಪನ್ನು ಕಂಡುಕೊಂಡಾಗ ಕೈಮೀರಿ ಹೋಗಿತ್ತು.

ಇದಕ್ಕಿಂತಲೂ ಮನಸ್ಸನ್ನು ನೋಯಿಸುವುದು ಬಳಿಕ ವೈದ್ಯನ ಪಕ್ಷದಿಂದ ಬಂದ ಸಮಾಧಾನ. ಎಡಗಾಲೂ ರೋಗಗ್ರಸ್ತವಾಗಿತ್ತು, ಹೇಗಿದ್ದರೂ ಅದು ಮುಂದೊಂದು ದಿನ ಹೋಗತಕ್ಕದ್ದೇ ಆಗಿತ್ತು ಎಂದು ಅವರು ವಾದಿಸಿದರು. ಈ ಮಾತಿಗೆ ತಲೆದೂಗುವ ವಿದ್ಯಾವಂತರು ಈ ದೇಶದಲ್ಲಿಯೂ ದುರ್ಲಭರಲ್ಲ. ಹೇಗಿದ್ದರೂ ಹೋಗತಕ್ಕದ್ದೆಂಬ ನ್ಯಾಯವನ್ನು ಒಪ್ಪಿದರೆ ವೃದ್ಧನನ್ನು ಕೊಂದವನೂ ಅದನ್ನೇ ಹೇಳಬಹುದಲ್ಲವೆ! ಒಂದು ಕಾಲು ಹೋಗಿ ಒಂದುಳಿದವನು ಉಳಿದುದನ್ನು ಊರಿ ಎದ್ದು ನಿಲ್ಲುವನು, ಮರದ ಕಾಲನ್ನು ಮೆಲ್ಲಮೆಲ್ಲನೆ ಅಭ್ಯಾಸಮಾಡುವನು, ರಾತ್ರಿ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಿಬರುವನು. ಆ ಅವಧಿಯು ಎರಡು ವರ್ಷವಾಗಲಿ, ಎರಡು ತಿಂಗಳಾಗಲಿ, ಅದು ರೋಗಿಯದು. ವೈದ್ಯನು ಕಳೆದು ಲೆಕ್ಕಹಾಕತಕ್ಕದ್ದಲ್ಲ. ಟ್ಯಾಂಪಾದ ರೋಗಿಗಾದರೋ ಕೆಟ್ಟ ಬಲಗಾಲು ಹಾಗೆಯೇ ಉಳಿದಿತ್ತು. ಅದನ್ನು ಮತ್ತೊಂದು ಆಸ್ಪತ್ರೆಯಲ್ಲಿ ತೆಗೆಯಿಸಿಕೊಳ್ಳಬೇಕಾಯಿತು. ಪುನಃ ಆ ಮೇಜಿನ ಮೇಲೆ ಮಲಗಿ ಕಣ್ಣುಮುಚ್ಚುವಾಗ ಅವನ ಮನಸ್ಸು ಹೇಗಿದ್ದಿರಬೇಕು! ವೈದ್ಯನಿಗಾದರೆ ಆರು ತಿಂಗಳು ಅನುಜ್ಞಾಪತ್ರದ ಅಮಾನತು, 10,000 ಡಾಲರು ದಂಡ.

ಮನುಷ್ಯನಾದವನು ತಪ್ಪುವುದು ಸಹಜವೆನ್ನುವರು. ನಿಜ, ಎದುರಿಗೆ ನಿಂತವನಿಗೆ ಎಡಬಲಗಳು ತಿರುವುಮುರುವಾಗುತ್ತವೆ. ಸಂಸ್ಕೃತದಲ್ಲಿ ಎಡವೆಂದು ಪ್ರಸಿದ್ಧವಾದ ಸವ್ಯಶಬ್ದಕ್ಕೇ ಬಲವೆಂಬ ಅರ್ಥವನ್ನೂ ಕೋಶಗಳು ಕೊಡುತ್ತವೆ. ಆದುದರಿಂದಲೇ ಒಬ್ಬನ ನೆನಪನ್ನು ನಂಬಕೂಡದು. ಎಚ್ಚರದಲ್ಲಿರುವ ರೋಗಿಯನ್ನೇ ಕೇಳಿ, ಕೊಯ್ಯತಕ್ಕ ಅಂಗದ ಮೇಲೆ ಶಸ್ತ್ರವೈದ್ಯನು ಮಸಿಯಿಂದ ತನ್ನ ಹೆಸರಿನ ಅಕ್ಷರಗಳನ್ನು ಬರೆಯಬೇಕು. ಬರಿಯ ಅಡ್ಡಗೀಟು ಸಾಲದು. ಅದನ್ನು ಒಬ್ಬನು ಇಲ್ಲಿಯೇ ಎಂದೂ ಮತ್ತೊಬ್ಬನು ಇಲ್ಲಿ ಬೇಡವೆಂದೂ ಓದಿಯಾನು. ಅಮೆರಿಕೆಯಲ್ಲಿ 2004ರಿಂದ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಇಂಥ ನಿಯಮವು ವಿಧಿಸಲ್ಪಟ್ಟಿದೆ. ಇದಕ್ಕೆ ತಗಲುವುದು ಒಂದು ಲೇಖನಿ, ಒಂದು ನಿಮಿಷ.

ಆದರೂ ಕೇಳಬೇಕಾದವರು ಕೇಳರು, ಹೇಳಬೇಕಾದವರು ಹೇಳರು. ವೈದ್ಯನನ್ನು ನಾರಾಯಣನೆಂದು ಭಾವಿಸಿದ ಮನೆಗಳಲ್ಲಿ ಯಾವ ಕಾಲೆಂದು ಕೇಳುವುದೇ ಅವಿನಯವೆನಿಸಿದೆ. ನಾರಾಯಣನಿಗಾದರೂ ನೈವೇದ್ಯಕ್ಕೆ ಮುಂಚೆ ಹೆಸರು ಗೋತ್ರ ಹೇಳುವ ಜನರು ಇಲ್ಲಿ ಬಾಯಿ ಕಟ್ಟಿ ಕೂಡುವರು! ವೈದ್ಯರಲ್ಲಿ ಕೆಲವರು, ಇಷ್ಟು ವರ್ಷ ಕೈಪಳಗಿದವರಿಗೆ ಪಟ್ಟಿಯೋದುವ ಪಾಠವೇಕೆಂದು ನಗುವರು. ವಿಶ್ವ ಆರೋಗ್ಯ ಸಂಸ್ಥೆಯವರು 19 ಅಂಶಗಳ ಪಟ್ಟಿಯೊಂದನ್ನು ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2009ರಲ್ಲಿ ಫಲವನ್ನು ಪ್ರಕಟಿಸಿದರು, ದೆಹಲಿಯೂ ಅವುಗಳಲ್ಲೊಂದು. ರೋಗಿಯ ಹೆಸರು, ಮಾಡತಕ್ಕ ಕರ್ಮ, ಕೊಯ್ಯತಕ್ಕ ಸ್ಥಳ, ಇವನ್ನು ಚರ್ಮಕ್ಕೆ ಶಸ್ತ್ರ ತಗಲುವ ಮೊದಲು ಎಲ್ಲರೂ ಕೇಳುವಂತೆ ಹೇಳತಕ್ಕದ್ದೆಂದು ಅದರಲ್ಲಿದೆ. ಆ ಆಸ್ಪತ್ರೆಗಳಲ್ಲಿ ಮರಣವು ಸಾವಿರಕ್ಕೆ 15ರಿಂದ 8ಕ್ಕೆ ಇಳಿಯಿತು. ಬಳಿಕ ಅಲ್ಲಿನವರನ್ನು ವಿಚಾರಿಸಲು, ಪಟ್ಟಿಯು ತೊಡಕೆಂದು ಗೊಣಗಿದವರು ನೂರಕ್ಕೆ ಸುಮಾರು 20 ಮಂದಿ. ತಾವೇ ರೋಗಿಗಳಾಗಿ ಮಲಗಿದರೆ ಪಟ್ಟಿ ಬೇಕೋ ಬೇಡವೋ ಎಂದು ಕೇಳಿದಾಗ ಬೇಕೆಂದವರು 93 ಮಂದಿ.