ಮರಳಗಾಲದ ಲಿಥಿಯಂ: ಸುದ್ದಿ ಎಷ್ಟು, ಸರಕು ಎಷ್ಟು?

ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಗೆಳೆಯರು ನನ್ನನ್ನು ಆಗಾಗ ಕೇಳೋದುಂಟು: ‘ನಮ್ಮ ಕಡೆ ಲಿಥಿಯಂ ಸಿಕ್ಕಿದೆಯಂತಲ್ಲ, ಜಮೀನಿಗೆ ರೇಟ್ ಬರುತ್ತಾ?’

ಸಿಕ್ಕಿರೋದು ನಿಜ. ಆದರೆ ಜಾಗ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣದ ಸುತ್ತಮುತ್ತ. ಅಲ್ಲಿ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಬಂಡೆಯೊಳಗೆ ಸ್ಪಾಡ್ಯುಮೀನ್ ಅನ್ನೋ ಖನಿಜ ಇದೆ. ಚಾಕುವಿನಿಂದ ಕೆರೆದರೂ ಗೀರು ಬೀಳದಷ್ಟು ಗಟ್ಟಿ. ಅಪ್ಪಟ ಹರಳೇ ಆದರೂ 100 ಕೆ.ಜಿ.ಯಲ್ಲಿ ಲಿಥಿಯಂ ಇರೋದು 4 ಕೆ.ಜಿ.ಗಿಂತ ಕಡಿಮೆ. ಅದನ್ನು ಬಿಡಿಸಲು ಮೊದಲು ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು, ಆಮೇಲೆ ಸಲ್ಫ್ಯೂರಿಕ್ ಆಮ್ಲ ಬೆರೆಸಿ ಮತ್ತೆ ಕಾಯಿಸಬೇಕು.

ಇನ್ನು ಲೆಕ್ಕ. 2020ರಲ್ಲಿ ಪತ್ರಿಕೆಗಳಲ್ಲಿ ಬಂದ ಅಂದಾಜು 14,100 ಟನ್. 2021ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಜಿತೇಂದ್ರ ಸಿಂಗ್ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಇದ್ದದ್ದು 1,600 ಟನ್. ಅದೂ ‘ಇನ್‌ಫರ್ಡ್’ ದರ್ಜೆಯದು, ಅಂದರೆ ಸೀಮಿತ ಪರೀಕ್ಷೆಯಿಂದ ಊಹಿಸಿದ್ದು. ಚಿಲಿ ದೇಶದ ನಿಕ್ಷೇಪ ಆಗ ಸುಮಾರು 86 ಲಕ್ಷ ಟನ್.

ಒಂದು ಎಲೆಕ್ಟ್ರಿಕ್ ಕಾರಿಗೆ 8 ಕೆ.ಜಿ. ಅಂದುಕೊಂಡರೆ, 1,600 ಟನ್ ಪೂರ್ತಿ ಕೈಗೆ ಬಂದರೂ 2 ಲಕ್ಷ ಕಾರಿಗೆ ಆಗುತ್ತೆ. ಪೂರ್ತಿ ಯಾವ ಗಣಿಯಲ್ಲೂ ಬರೋದಿಲ್ಲ.

ಹಾಗಾಗಿ ಬ್ರೋಕರ್ ‘ಲಿಥಿಯಂ ಬೆಲ್ಟ್’ ಅಂತ ವಾಟ್ಸ್ಆ್ಯಪ್ ಕಳಿಸಿದರೆ ಮೂರೇ ಪ್ರಶ್ನೆ ಕೇಳಿ: ಯಾವ ಊರು? ಎಷ್ಟು ಟನ್? ಕೊರೆದು ನೋಡಿದ್ದಾರಾ? ಉತ್ತರ ಬರದಿದ್ದರೆ, ಅಪ್ಪನ ಕಬ್ಬಿನ ಗದ್ದೆಯ ತೀರ್ಮಾನವನ್ನು ಕಬ್ಬಿನ ಲೆಕ್ಕದಲ್ಲೇ ಮಾಡಿ.