ಹೊಗೆಸೊಪ್ಪಿನ ಸೀಮೆ ಮತ್ತು ಕ್ಯಾನ್ಸರ್ ಪಾಠ

ಮಂಗಳೂರಿನಿಂದ ಮಡಿಕೇರಿ ಮಾರ್ಗವಾಗಿ ಮೈಸೂರಿಗೆ ಬಸ್ಸಿನಲ್ಲಿ ಹೋದವರಿಗೆಲ್ಲ ಆ ದಾರಿ ಪರಿಚಿತ. ಕುಶಾಲನಗರ, ಬೈಲಕುಪ್ಪೆ ದಾಟುತ್ತಿದ್ದಂತೆ ಘಟ್ಟ ಹಿಂದೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಆಗಸ್ಟ್-ಸೆಪ್ಟೆಂಬರ್ ತಿಂಗಳಾದರೆ ಕಿಟಕಿಯಿಂದ ಘಾಟು ವಾಸನೆಯೊಂದು ಒಳಗೆ ಬರುತ್ತದೆ. ಹೊಲಗಳ ನಡುವೆ ಕಿಟಕಿಗಳಿಲ್ಲದ ಎತ್ತರದ ಕಟ್ಟಡಗಳು, ಪಕ್ಕದಲ್ಲಿ ಸೌದೆಯ ರಾಶಿ. ಅವು ವಾಸದ ಮನೆಗಳಲ್ಲ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಉರಿಯಬೇಕು.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ - ಮೈಸೂರು ಜಿಲ್ಲೆಯ ಈ ತಾಲೂಕುಗಳ ಕೆಂಪು ಹೊಲಗಳಲ್ಲಿ ಬೆಳೆಯುವುದು ಸಿಗರೇಟಿಗೆ ಬೇಕಾದ ವರ್ಜೀನಿಯಾ ಹೊಗೆಸೊಪ್ಪು. ಕಾವೇರಿ ನಾಲೆಯ ನೀರಿರುವ ಕೆ.ಆರ್. ನಗರದಲ್ಲಿ ಭತ್ತವೇ ಮುಖ್ಯ. ಉಳಿದೆಡೆ ಮಳೆಯನ್ನೇ ನಂಬಿದ ಹೊಲಗಳು ಹೆಚ್ಚು. ಹುಣಸೂರಿನಲ್ಲಿ ಕೇಂದ್ರ ಸರಕಾರದ ತಂಬಾಕು ಸಂಶೋಧನಾ ಕೇಂದ್ರವಿದೆ. ಪಿರಿಯಾಪಟ್ಟಣ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ, ಎಚ್.ಡಿ. ಕೋಟೆಗಳಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ.

ಪ್ರತಿ ವರ್ಷ ಮೇ 31ರಂದು ವಿಶ್ವ ತಂಬಾಕು ರಹಿತ ದಿನ. ಎಲ್ಲ ಕಡೆಯೂ ಜಾಥಾ, ಭಾಷಣ, ಪ್ರತಿಜ್ಞೆ. ಅದೇ ದಿನಗಳಲ್ಲಿ ಈ ತಾಲೂಕುಗಳ ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ನಾಟಿಯ ಕೆಲಸ. ಹೀಗಿರುವಾಗ ಕ್ಯಾನ್ಸರ್ ತಡೆಯ ಮಾತನ್ನು ಅಲ್ಲಿ ಯಾರು, ಯಾರಿಗೆ, ಹೇಗೆ ಹೇಳಬೇಕು? ಈ ಪ್ರಶ್ನೆ ಆ ನಾಲ್ಕು ತಾಲೂಕುಗಳಿಗಷ್ಟೇ ಸೇರಿದ್ದಲ್ಲ. ಕರಾವಳಿಯ ನಮಗೂ ಅದರಲ್ಲಿ ಪಾಲಿದೆ.

ಗೊತ್ತಿದ್ದೂ ಬಿಡದವರು

ತಂಬಾಕು ಕೆಟ್ಟದ್ದೆಂದು ಜನರಿಗೆ ತಿಳಿಹೇಳಿದರೆ ಬಿಟ್ಟುಬಿಡುತ್ತಾರೆ ಎಂಬುದು ನಮ್ಮಲ್ಲಿ ಹಲವರ ನಂಬಿಕೆ. ಅಂಕಿಅಂಶಗಳು ಬೇರೆಯದನ್ನೇ ಹೇಳುತ್ತವೆ. 2016-17ರಲ್ಲಿ ನಮ್ಮ ದೇಶದಲ್ಲಿ ವಯಸ್ಕರ ತಂಬಾಕು ಬಳಕೆಯ ಎರಡನೆಯ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ಧೂಮಪಾನದಿಂದ ಗಂಭೀರ ಕಾಯಿಲೆ ಬರುತ್ತದೆಂದು ನಂಬಿದವರು ಶೇ. 92.4. ಜಗಿಯುವ ತಂಬಾಕಿನ ವಿಷಯದಲ್ಲಿ ಹಾಗೆ ನಂಬಿದವರು ಶೇ. 95.6. ಆದರೂ ವಯಸ್ಕರಲ್ಲಿ ಶೇ. 28.6 ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. ಪೊಟ್ಟಣದ ಮೇಲಿನ ಭೀಕರ ಚಿತ್ರಗಳನ್ನು ನೋಡಿ ಬಿಡಬೇಕೆಂದು ಯೋಚಿಸಿದ ಸಿಗರೇಟು ಸೇದುವವರು ಶೇ. 62ರಷ್ಟು. ಯೋಚಿಸಿದವರೆಲ್ಲ ಬಿಡಲಿಲ್ಲ.

ಹಾಗಾದರೆ ಕೊರತೆಯಿರುವುದು ತಿಳಿವಳಿಕೆಯಲ್ಲಲ್ಲ. ತಿಳಿದದ್ದು ನಡತೆಯಾಗುವ ದಾರಿಯಲ್ಲಿ ಏನೋ ಅಡ್ಡ ನಿಂತಿದೆ.

ಮನುಷ್ಯನ ನಡತೆಯನ್ನು ಅಧ್ಯಯನ ಮಾಡುವವರು ಈ ದಾರಿಯನ್ನೇ ಗಮನಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ತಾವಾಗಿಯೇ ಸಿಗರೇಟು ಬಿಡಲು ಹೊರಟವರನ್ನು ಅಭ್ಯಸಿಸಿ 1983ರಲ್ಲಿ ಒಂದು ವಿವರಣೆ ಮುಂದಿಟ್ಟರು. ಚಟ ಬಿಡುವುದು ಒಂದು ದಿನದ ಘಟನೆಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಪ್ರಯಾಣ. ಬಿಡುವ ಯೋಚನೆಯೇ ಇಲ್ಲದವನು, ಯೋಚಿಸುತ್ತಿರುವವನು, ಸಿದ್ಧನಾಗುತ್ತಿರುವವನು, ಬಿಟ್ಟವನು, ಬಿಟ್ಟದ್ದನ್ನು ಉಳಿಸಿಕೊಂಡವನು - ಇವರೆಲ್ಲರಿಗೂ ಒಂದೇ ಭಾಷಣ ಸಾಲದು. ಅನೇಕರು ಜಾರಿ ಹಿಂದಕ್ಕೆ ಬೀಳುತ್ತಾರೆ, ಮತ್ತೆ ಹತ್ತುತ್ತಾರೆ. ಜಾರಿದವನನ್ನು "ಇವನು ಸುಧಾರಿಸುವುದಿಲ್ಲ" ಎಂದು ಕೈಬಿಡುವುದೇ ನಾವು ಮಾಡುವ ದೊಡ್ಡ ತಪ್ಪು.

ಕೋಲಾರದ ಹಳ್ಳಿಗಳು ಕಲಿಸಿದ್ದು

ಇದಕ್ಕೆ ದೂರದ ಉದಾಹರಣೆ ಬೇಡ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ತಜ್ಞರು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಪ್ರಯೋಗವೊಂದನ್ನು ನಡೆಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಪ್ರದೇಶದ ಹಳ್ಳಿಗಳಲ್ಲಿ ಚಿತ್ರಪ್ರದರ್ಶನ, ಚಲನಚಿತ್ರಗಳ ಜೊತೆಗೆ ಜನರನ್ನು ನೇರವಾಗಿ ಕಂಡು ಮಾತನಾಡಿಸುವ ಕೆಲಸ ನಡೆಯಿತು. ಹೋಲಿಕೆಗಾಗಿ ಇಟ್ಟ ಬೇರೆ ಪ್ರದೇಶಗಳಲ್ಲಿ ಈ ಕೆಲಸ ಇರಲಿಲ್ಲ. ಕೊನೆಗೆ ಎಣಿಸಿದಾಗ ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ತಂಬಾಕು ಬಳಸುತ್ತಿದ್ದ ಗಂಡಸರಲ್ಲಿ ಸುಮಾರು ಕಾಲುಭಾಗ, ಹೆಂಗಸರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಬಿಟ್ಟಿದ್ದರು. ಬೇರೆ ಪ್ರದೇಶಗಳಲ್ಲಿ ಬಿಟ್ಟವರು ಬಹಳ ಕಡಿಮೆ.

ಇದಕ್ಕೂ ಮೊದಲು, 1970ರ ದಶಕದ ಕೊನೆಯಲ್ಲಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೇರಳದ ಎರ್ನಾಕುಲಂ, ಆಂಧ್ರದ ಶ್ರೀಕಾಕುಲಂ ಮತ್ತು ಗುಜರಾತಿನ ಭಾವನಗರ ಜಿಲ್ಲೆಗಳಲ್ಲಿ 36,000 ತಂಬಾಕು ಬಳಕೆದಾರರ ನಡುವೆ ಇಂಥದೇ ಕೆಲಸ ಆರಂಭಿಸಿದ್ದರು. ವರ್ಷ ವರ್ಷವೂ ಅದೇ ಜನರ ಬಾಯಿ ಪರೀಕ್ಷಿಸಿ, ಅವರವರ ಚಟಕ್ಕೆ ತಕ್ಕ ಸಲಹೆ ಕೊಟ್ಟರು. ಬಿಟ್ಟವರ, ಕಡಿಮೆ ಮಾಡಿದವರ ಬಾಯಲ್ಲಿ ಕ್ಯಾನ್ಸರಿನ ಮುನ್ಸೂಚನೆಯಾದ ಬಿಳಿ ಮಚ್ಚೆಗಳು ಕಾಣಿಸಿಕೊಳ್ಳುವುದು ಕಡಿಮೆಯಾಯಿತು.

ಈ ಎರಡೂ ಕೆಲಸಗಳ ಗುಟ್ಟು ಒಂದೇ. ಹೇಳುವವನು ಮನೆ ಬಾಗಿಲಿಗೆ ಹೋದ, ಮತ್ತೆ ಹೋದ, ಬೈಯಲಿಲ್ಲ. ವರ್ಷಕ್ಕೊಮ್ಮೆ ಮೈಕ್ ಹಿಡಿದು ಬಂದು ಹೋಗುವವನಿಗೆ ಈ ಫಲ ಸಿಗುವುದಿಲ್ಲ.

ಬೆಳೆಯುವವನ ಕಷ್ಟ

ಈಗ ಹುಣಸೂರು-ಪಿರಿಯಾಪಟ್ಟಣದ ಕಡೆಗೆ ಮರಳೋಣ. ಹೊಗೆಸೊಪ್ಪು ಬೆಳೆಯುವ ರೈತನೂ ಬಿಡಲಾರದವನೇ. ಆದರೆ ಅವನದು ನಾಲಿಗೆಯ ಚಟವಲ್ಲ, ಬದುಕಿನ ಲೆಕ್ಕ. ಮಳೆ ಸ್ವಲ್ಪ ಹಿಂದುಮುಂದಾದರೂ ತಾಳಿಕೊಳ್ಳುವ ಬೆಳೆ. ಮಂಡಳಿಯ ಪರವಾನಗಿ ಇದ್ದರೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ. ಬೇಲ್ ಕಟ್ಟಿ ಹರಾಜಿಗೆ ಒಯ್ದರೆ ಕೊಳ್ಳುವವರು ಇದ್ದಾರೆ, ಹಣ ಖಾತೆಗೆ ಬರುತ್ತದೆ. ಸೊಪ್ಪು ಮುಗಿದ ಹೊಲದಲ್ಲಿ ರಾಗಿಯನ್ನೋ ಹುರುಳಿಯನ್ನೋ ಬಿತ್ತಬಹುದು. ಇದರ ಮೇಲೆ ಆಗಲೇ ಹಣ ಸುರಿದು ಕಟ್ಟಿದ ಬ್ಯಾರನ್. ಬೆಲೆ ಕುಸಿದ ವರ್ಷ ಅವನು ಸೋಲುತ್ತಾನೆ, ನಿಜ. ಆದರೆ ಹೊಗೆಸೊಪ್ಪು ಬಿಟ್ಟು ಶುಂಠಿ ಹಾಕಿದವನೂ ಬೆಲೆ ಬಿದ್ದ ವರ್ಷ ಸೋತದ್ದನ್ನು ಅವನು ಕಂಡಿದ್ದಾನೆ.

ಈ ಬೆಳೆಯ ಬೆಲೆಯನ್ನು ದೇಹವೂ ತೆರುತ್ತದೆ. ಮಳೆಯಲ್ಲಿ ನೆನೆದ ಹಸಿ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ಸುಸ್ತು. ವೈದ್ಯರು ಇದನ್ನು ಹಸಿ ತಂಬಾಕಿನ ಕಾಯಿಲೆ ಎಂದೇ ಗುರುತಿಸುತ್ತಾರೆ. ಒಂದು ಸಿಗರೇಟೂ ಸೇದದ ಹೆಂಗಸಿಗೂ ಇದು ಬರಬಹುದು. ಕೈಗವಸು ತೊಟ್ಟು, ಮೈ ಮುಚ್ಚುವ ಬಟ್ಟೆ ಹಾಕಿ, ಎಲೆ ಒಣಗಿದ ಮೇಲೆ ಮುರಿದರೆ ತೊಂದರೆ ಕಡಿಮೆ. ಇಷ್ಟು ಸಣ್ಣ ಬದಲಾವಣೆಗೂ ಹತ್ತಿರ ಕೂತು ಹೇಳುವವರು ಬೇಕು.

ಸರಕಾರದ ಎರಡು ಕೈಗಳೂ ಇಲ್ಲಿ ಎರಡು ದಿಕ್ಕಿಗೆ ಎಳೆಯುತ್ತವೆ. 1976ರಲ್ಲಿ ಹುಟ್ಟಿದ ತಂಬಾಕು ಮಂಡಳಿ ವಾಣಿಜ್ಯ ಸಚಿವಾಲಯದ ಅಧೀನದಲ್ಲಿದ್ದು ಬೆಳೆಗೆ, ರಫ್ತಿಗೆ ನೆರವಾಗುತ್ತದೆ. ಆರೋಗ್ಯ ಸಚಿವಾಲಯವು ಪೊಟ್ಟಣದ ಶೇ. 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆನ್ನುತ್ತದೆ. 2004ರಲ್ಲಿ ಭಾರತ ಅನುಮೋದಿಸಿದ ಅಂತಾರಾಷ್ಟ್ರೀಯ ತಂಬಾಕು ನಿಯಂತ್ರಣ ಒಪ್ಪಂದದ 17ನೆಯ ವಿಧಿಯು ಬೆಳೆಗಾರರಿಗೂ ಕಾರ್ಮಿಕರಿಗೂ ಬದಲಿ ಜೀವನೋಪಾಯ ಒದಗಿಸಲು ಹೇಳುತ್ತದೆ. ಆ ಮಾತು ಹೊಲಕ್ಕೆ ಇಳಿಯುವುದು ಹೇಗೆ?

ಕೀನ್ಯ ದೇಶದ ಮಿಗೋರಿ ಪ್ರದೇಶದಲ್ಲಿ ಒಂದು ದಾರಿ ಕಾಣಿಸಿದೆ. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಆಹಾರ ಕಾರ್ಯಕ್ರಮ ಮತ್ತು ಆಹಾರ-ಕೃಷಿ ಸಂಸ್ಥೆಗಳು ಅಲ್ಲಿನ ಸರಕಾರದೊಡನೆ ಸೇರಿ ತಂಬಾಕು ಬೆಳೆಗಾರರಿಗೆ ಕಬ್ಬಿಣಾಂಶ ಹೆಚ್ಚಿರುವ ಬೀನ್ಸ್ ಬೀಜ, ತರಬೇತಿ, ಹಳೆಯ ಸಾಲ ತೀರಿಸಲು ಕಿರುಸಾಲ ಕೊಟ್ಟವು. ಎಲ್ಲಕ್ಕಿಂತ ಮುಖ್ಯವಾಗಿ, ಬೆಳೆದ ಕಾಳನ್ನು ಕೊಳ್ಳುವ ವ್ಯವಸ್ಥೆ ಮಾಡಿದವು. 2023ರ ತಂಬಾಕು ರಹಿತ ದಿನದ ಘೋಷವಾಕ್ಯವೂ ತಂಬಾಕಿನ ಬದಲು ಆಹಾರ ಬೆಳೆಯಬೇಕೆಂಬುದೇ ಆಗಿತ್ತು. ಸೇದುವವನಿಗೆ ಸಂಗಾತಿ ಬೇಕು, ಬೆಳೆಯುವವನಿಗೆ ಖಚಿತವಾದ ಮಾರುಕಟ್ಟೆ ಬೇಕು. ಎರಡೂ ಕಡೆ ಬರಿಯ ಉಪದೇಶ ನಿಷ್ಫಲ.

ನಮ್ಮ ಅಂಗಳದಲ್ಲಿ

ಮೈಸೂರಿನ ರೈತನ ಕಡೆಗೆ ಬೆರಳು ತೋರಿಸುವ ಮುನ್ನ ನಮ್ಮ ಜಗಲಿಯನ್ನೊಮ್ಮೆ ನೋಡಿಕೊಳ್ಳೋಣ. ಮಂಗಳೂರು, ಉಡುಪಿ ಭಾಗದ ಎಷ್ಟು ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು, ಮಕ್ಕಳನ್ನು ಓದಿಸಲಿಲ್ಲ? ಆ ದುಡಿಮೆಯನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಹುಡಿಯನ್ನು ಅವರು ದಿನವೂ ಉಸಿರಾಡಿದರೆಂಬುದನ್ನೂ ಮರೆಯಬಾರದು.

ನಮ್ಮ ತೋಟಗಳ ಅಡಿಕೆಯ ವಿಷಯ ಇನ್ನೂ ಕಹಿ. ತಂಬಾಕು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅದೇ ಸಂಸ್ಥೆ 2024ರಲ್ಲಿ ಕೊಟ್ಟ ಅಂದಾಜಿನಂತೆ, 2022ರಲ್ಲಿ ಭಾರತದಲ್ಲಿ ಸುಮಾರು 83,000 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ. ಮದ್ಯಪಾನವೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ. ಮದುವೆ, ರೋಸ್ ಸಮಾರಂಭಗಳಲ್ಲಿ ಬಾಟಲಿ ಇಲ್ಲದಿದ್ದರೆ ಮರ್ಯಾದೆ ಹೋಯಿತೆಂದು ತಿಳಿಯುವ ನಮಗೆ ಹೊಗೆಸೊಪ್ಪಿನ ರೈತನ ಇಕ್ಕಟ್ಟು ಅರ್ಥವಾಗಲೇಬೇಕು. ಸುತ್ತಲಿನವರ ರೂಢಿಯನ್ನು ಒಬ್ಬನೇ ಮುರಿಯುವುದು ಎಲ್ಲರಿಗೂ ಕಷ್ಟ.

ಏನು ಮಾಡಬಹುದು?

ಬಿಡಲು ತಡವಾಯಿತೆಂಬ ಮಾತು ಸುಳ್ಳು. ಬ್ರಿಟನ್ನಿನ ವೈದ್ಯರನ್ನು 50 ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 60ರ ವಯಸ್ಸಿನಲ್ಲಿ ಸಿಗರೇಟು ಬಿಟ್ಟವರಿಗೂ ಸುಮಾರು 3 ವರ್ಷ ಆಯುಷ್ಯ ಸಿಗುತ್ತದೆ. 50ರಲ್ಲಿ ಬಿಟ್ಟರೆ 6, 40ರಲ್ಲಿ ಬಿಟ್ಟರೆ 9, 30ರಲ್ಲಿ ಬಿಟ್ಟರೆ 10 ವರ್ಷ.

ಬಾಯಿ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೆಯ ಒಂದು ಭಾಗದಷ್ಟು ಇಳಿಯಿತೆಂದು 2005ರಲ್ಲಿ ವರದಿಯಾಯಿತು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ಗುಣವಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ ಕಂಡವರನ್ನು ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕು. ಬಿಡಲು ಬಯಸುವವರು 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.

ಉಳಿದದ್ದು ನಮ್ಮ ಕೆಲಸ. ವಾಳೆಯ ಕೂಟಕ್ಕೆ ಬರುವವರಲ್ಲಿ ಯಾರು ಬಿಡಲು ಹೊರಟಿದ್ದಾರೆ, ಯಾರು ಜಾರಿದ್ದಾರೆ ಎಂಬುದು ನಮಗೆ ಗೊತ್ತಿರುತ್ತದೆ. ಅವರ ಮನೆಗೆ ಒಮ್ಮೆ ಹೋಗೋಣ. ಮುಂದಿನ ತಿಂಗಳು ಮತ್ತೊಮ್ಮೆ ಹೋಗೋಣ. ಇನ್ನೊಮ್ಮೆ ಮೈಸೂರಿನ ಬಸ್ಸಿನಲ್ಲಿ ಆ ಘಾಟು ಮೂಗಿಗೆ ಬಡಿದಾಗ ಆ ಬ್ಯಾರನ್ ಮುಂದೆ ಬೆಂಕಿ ಕಾಯುತ್ತಾ ಕುಳಿತವನನ್ನು ಶಪಿಸದಿರೋಣ. ಅವನು ಬಿಡಬೇಕಾದರೆ ಬದಲಿ ಬೆಳೆಯೂ ಅದನ್ನು ಕೊಳ್ಳುವವರೂ ಬೇಕು. ಅದನ್ನು ಕೇಳುವ ದನಿಗೆ ನಮ್ಮದೂ ಸೇರಲಿ.